‘ಹೋಗ್ಲಿ ಬಿಡು’ ಅನ್ನುವ ಮೊದಲು: ತಾರತಮ್ಯದ ದೂರನ್ನು ಕೇಳಿಸಿಕೊಳ್ಳುವ ಕ್ರಮ

1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ದಿನಗಳನ್ನು ಮುಂಬೈಯ ಮಾಟುಂಗದ ಹಿರಿಯರು ಮರೆತಿಲ್ಲ. ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲು, ‘ಹಟಾವ್ ಲುಂಗಿ, ಬಜಾವ್ ಪುಂಗಿ’ (ಲುಂಗಿಯವರನ್ನು ಓಡಿಸಿ, ಪುಂಗಿ ಊದಿ) ಘೋಷಣೆ. ಗೋವದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರನ್ನು ಇವತ್ತಿಗೂ ‘ಘಾಟಿ’ (ಘಟ್ಟದ ಆಚೆಯವರು) ಎಂದು ಹೀಯಾಳಿಸುತ್ತಾರೆ. ಇಷ್ಟೆಲ್ಲ ಅನ್ನಿಸಿಕೊಂಡ, ಹೊರನಾಡ ಕನ್ನಡಿಗರಾದ ನಮ್ಮ ಹತ್ತಿರವೇ ಒಬ್ಬ ಮಣಿಪುರದ ಹುಡುಗಿಯೋ, ಸಿದ್ದಿ ಹುಡುಗನೋ ಬಂದು “ನನ್ನ ಮುಖ ನೋಡಿ ಹೀಗಂದರು” ಎಂದರೆ, ನಮ್ಮ ಬಾಯಿಂದ ಮೊದಲು ಬರುವುದು “ನಮಗೂ ಆಗಿತ್ತು, ಹೋಗ್ಲಿ ಬಿಡು”. ಹೋಟೆಲು ನಡೆಸುವವರು, ಹೌಸಿಂಗ್ ಸೊಸೈಟಿ ಕಮಿಟಿಯವರು, ಸಂಘದ ಪದಾಧಿಕಾರಿಗಳು, ಪುಣೆಯ ಐಟಿ ಆಫೀಸಿನಲ್ಲಿ ಟೀಮ್ ನೋಡಿಕೊಳ್ಳುವವರು, ಇಂಥ ಮಾತು ಬರುವುದು ನಿಮ್ಮ ಹತ್ತಿರವೇ. ಆಗ ಮಾಡಬೇಕಾದ್ದು ಇಲ್ಲಿದೆ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಪಣಜಿಯ ಹೋಟೆಲಿನಲ್ಲಿ ಕೆಲಸಕ್ಕಿರುವ ಹಳಿಯಾಳ ಕಡೆಯ ಸಿದ್ದಿ ಹುಡುಗ ಬೆಳಿಗ್ಗೆ ಬಂದು ಹೇಳುತ್ತಾನೆ: “ಅಣ್ಣಾ, ಇವತ್ತೂ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಜನ ನಿಂತೇ ಬಂದ್ರು. ನಂಗೆ ತಿಳಿಯಲ್ಲ ಅಂತ ಕೊಂಕಣಿಯಲ್ಲಿ ಏನೇನೋ ಅಂದ್ರು.” ಉತ್ತರ ಕನ್ನಡದ ಎಷ್ಟೋ ಸಿದ್ದಿ ಮನೆಗಳ ಮಾತೇ ಕೊಂಕಣಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವಕ್ಕೆ ಬಂದವರ ವಂಶದವರು ಅವರಲ್ಲಿದ್ದಾರೆ. ಆ ಬಸ್ಸಿನಲ್ಲಿ ಅವನಿಗೆ ಒಂದೊಂದು ಅಕ್ಷರವೂ ತಿಳಿದಿದೆ.

ಉಡುಪಿ ಕಡೆಯ ಮಾಲೀಕರು ಅನ್ನುತ್ತಾರೆ: “ಅದೆಂತ ದೊಡ್ಡ ವಿಷಯ ಮಾರಾಯ? ಮುಂಬೈಯಲ್ಲಿ ನಮಗೆ ಲುಂಗಿ ಲುಂಗಿ ಅಂತಿದ್ರು. ನಾವು ತಲೆ ಕೆಡಿಸ್ಕೊಳ್ಳಲೇ ಇಲ್ಲ.”

ಮಾಲೀಕರು ಕೆಟ್ಟವರಲ್ಲ, ಸಮಾಧಾನ ಹೇಳಲು ಹೊರಟವರು. ಆದರೆ ಆ ಒಂದು ಮಾತಿನಲ್ಲಿ ಅವನ ನೋವಿಗೆ ತಕ್ಕಡಿ ಬಂತು, ಕಥೆ ಅವನ ಕೈಯಿಂದ ಇವರ ಕೈಗೆ ಬಂತು, ಸುಮ್ಮನಿರುವುದೇ ಸರಿ ಎಂಬ ತೀರ್ಪೂ ಬಂತು. ಅಲ್ಲದೆ ಎರಡೂ ಒಂದೇ ಅಲ್ಲ. ಲುಂಗಿ ಬಿಚ್ಚಿಟ್ಟು ಪ್ಯಾಂಟು ಹಾಕಿ, ನಾಲ್ಕು ಮಾತು ಮರಾಠಿ ಕಲಿತರೆ ಗುರುತು ಮರೆಯಾಗುತ್ತಿತ್ತು. ಮೈಬಣ್ಣ, ಗುಂಗುರು ಕೂದಲು ಬಿಚ್ಚಿಡಲು ಬರುವುದಿಲ್ಲ. ಹುಡುಗ ಇನ್ನು ಹೇಳುವುದಿಲ್ಲ. ಎರಡು ತಿಂಗಳಿಗೆ ಕೆಲಸ ಬಿಡುತ್ತಾನೆ, ಮಾಲೀಕರು “ಈಗಿನ ಹುಡುಗ್ರು ನಿಲ್ಲೋದೇ ಇಲ್ಲ” ಅನ್ನುತ್ತಾರೆ.

ಅವನ ಮಾತಿನಲ್ಲಿ ಹಿಡಿಯಬೇಕಾದ್ದು ‘ಇವತ್ತೂ’ ಎಂಬುದರ ಕೊನೆಯ ‘ಊ’. ಇದು ಮೊದಲ ಸಲವಲ್ಲ ಎಂದು ಅದು ಹೇಳುತ್ತಿದೆ. ಕೇಳುವವರಿಗೆ ಕಾಣುವುದು ಇವತ್ತಿನ ಒಂದು ಸಣ್ಣ ಘಟನೆ. ಹೇಳುವವನ ಲೆಕ್ಕದಲ್ಲಿ ಇದು ನಲವತ್ತನೆಯದು. ‘ಅತಿಯಾಗಿ ಆಡ್ತಾನೆ’ ಎಂದು ಅನಿಸುವುದು ಬಹುಪಾಲು ಈ ಅಂತರದಿಂದಲೇ.

ಮೊದಲ ಐದು ನಿಮಿಷ ಮೂರೇ ಪ್ರಶ್ನೆ ಸಾಕು. “ಏನಂದ್ರು? ಅವರ ಮಾತಲ್ಲೇ ಹೇಳು.” “ಇವತ್ತೂ ಅಂದೆಯಲ್ಲ, ಮೊದಲು ಯಾವಾಗ ಆಗಿತ್ತು?” “ನಾನು ಏನು ಮಾಡಬೇಕು ಅಂತೀಯ, ಸುಮ್ನೆ ಕೇಳಿದ್ರೆ ಸಾಕಾ?” ಕೊನೆಯದನ್ನು ಬಿಡಬೇಡಿ. ಕೆಲವರಿಗೆ ದೂರು ಬೇಡ, ಹೇಳಿಕೊಳ್ಳುವುದಷ್ಟೇ ಬೇಕು. ಅಂಥವರನ್ನು ಪೊಲೀಸ್ ಠಾಣೆಗೆ ಎಳೆದುಕೊಂಡು ಹೋಗುವುದೂ ಅವರ ಮಾತು ಕೇಳದೆ ಇದ್ದಂತೆಯೇ.

“ಅವರು ಹಾಗೆ ಅಂದಿರಲಿಕ್ಕಿಲ್ಲ”, “ತಮಾಷೆಗೆ ಅಂದಿರ್ತಾರೆ”, “ನೀನೇನು ಮಾಡಿದ್ದೆ?”, “ನಂಗೆ ಯಾವತ್ತೂ ಹಾಗಾಗಿಲ್ಲ” ಇವು ಬಾಯಿಗೆ ಬಂದರೆ ನುಂಗಿಕೊಳ್ಳಿ. ತಮಾಷೆಯ ವಿಷಯಕ್ಕೆ ನಮ್ಮ ಗಾದೆಯೇ ಇದೆ, ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ‘ಹೋಗ್ಲಿ ಬಿಡು’ ಕನ್ನಡದಲ್ಲಿ ಸಮಾಧಾನದ ಮಾತೇ, ಆದರೆ ಪೂರ್ತಿ ಕೇಳಿದ ಮೇಲೆ. ಮೊದಲೇ ಅಂದರೆ ಪಾತ್ರೆಗೆ ಮುಚ್ಚಳ ಹಾಕಿದಂತೆ.

ಕೇಳಿಸಿಕೊಳ್ಳುವುದೆಂದರೆ ತೀರ್ಪು ಕೊಟ್ಟಂತಲ್ಲ. ವಿಚಾರಣೆ ಬೇಕಿದ್ದರೆ ಬೇರೆ ದಿನ, ಆದಷ್ಟು ಬೇರೆ ವ್ಯಕ್ತಿ ಮಾಡಲಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಮೊದಲ ಪ್ರಶ್ನೆಯೇ ಪಾಟೀಸವಾಲು ಆಗುತ್ತದೆ. ಕಮಿಟಿಗೆ ವಿಷಯ ದಾಟಿಸುವಾಗ ‘ಅಂತೆ’ ಸೇರಿಸಬೇಡಿ. “ಅವನಿಗೆ ಬೈದರಂತೆ” ಅಂದ ಕೂಡಲೇ ಕೇಳಿದವರಿಗೆ ಅರ್ಧ ಅನುಮಾನ. “ಬೈದರು ಎಂದು ಅವನು ಹೇಳಿದ್ದಾನೆ” ಎಂದು ಬರೆಯಿರಿ.

ಬರೆದಿಡುವುದು ಅದೇ ದಿನ ಆಗಲಿ, ಹೆಚ್ಚೆಂದರೆ 24 ಗಂಟೆಯೊಳಗೆ. ತಾರೀಕು, ಗಂಟೆ, ಜಾಗ (ಬಸ್ಸಾದರೆ ನಂಬರು, ಸೊಸೈಟಿಯಾದರೆ ಯಾವ ಗೇಟು), ಅಂದ ಮಾತು ಯಾವ ಭಾಷೆಯಲ್ಲಿತ್ತೋ ಅದೇ ಭಾಷೆಯಲ್ಲಿ, ಹತ್ತಿರ ಯಾರಿದ್ದರು, ಆಮೇಲೆ ಏನಾಯಿತು. ‘ಕೆಟ್ಟದಾಗಿ ಬೈದರು’ ಎಂಬ ಸಾಲು ಮುಂದೆ ಯಾರಿಗೂ ಉಪಯೋಗಕ್ಕೆ ಬಾರದು. ಸಿಸಿಟಿವಿಯಲ್ಲಿ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಬರುತ್ತದೆ, ಹಾಗಾಗಿ ದೃಶ್ಯ ಉಳಿಸಿಡಿ ಎಂದು ಸೆಕ್ರೆಟರಿಗೆ ಆ ದಿನವೇ ಚೀಟಿ ಕೊಟ್ಟು ಪ್ರತಿಗೆ ಸಹಿ ತೆಗೆದುಕೊಳ್ಳಿ. ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್ ಒಂದೇ ಸಾಲದು, ಮೂಲ ಫೋನಿನಲ್ಲೂ ಅದು ಅಳಿಯದೆ ಇರಬೇಕು.

ಬಾಡಿಗೆ ಮನೆಯ ವಿಷಯ ಬೇರೆ. ಅಲ್ಲಿ ಯಾರೂ ಬೈಯುವುದಿಲ್ಲ, “ರೂಮ್ ಹೋಯ್ತು” ಎಂದು ನಯವಾಗಿ ಹೇಳುತ್ತಾರೆ. ಅನುಮಾನವಿದ್ದರೆ ಎರಡು ತಾಸಿನೊಳಗೆ ಇನ್ನೊಬ್ಬರಿಂದ ಅದೇ ಏಜೆಂಟರಿಗೆ ಫೋನ್ ಮಾಡಿಸಿ. ಸಂಬಳ, ಕೆಲಸ, ಡಿಪಾಸಿಟ್, ಇರುವ ಜನ ಎಲ್ಲ ಒಂದೇ ಇರಲಿ, ಹೆಸರು ಮತ್ತು ಊರು ಮಾತ್ರ ಬೇರೆ. ಮೊದಲನೆಯವರು ಬ್ಯಾಚುಲರ್, ಎರಡನೆಯವರು ಸಂಸಾರಸ್ಥರು ಆದರೆ ಏನೂ ತಿಳಿಯುವುದಿಲ್ಲ. ಮರುದಿನ ಮಾಡಿದರೂ ಅಷ್ಟೇ, ಅಷ್ಟರಲ್ಲಿ ರೂಮ್ ನಿಜವಾಗಿಯೇ ಹೋಗಿರಬಹುದು.

ಕಾನೂನಿನ ಅಳತೆ ಗೊತ್ತಿರಲಿ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟೂರು ನೋಡಿ ಪ್ರವೇಶ ತಡೆಯಬಾರದು ಎನ್ನುತ್ತದೆ. ಗಲ್ಲಾದಲ್ಲಿ ಕೂರುವವರು ಇದನ್ನು ಓದಿಕೊಳ್ಳಲಿ. ಅದು ನಾಗರಿಕರಿಗೆ. ಪುಣೆಯಲ್ಲಿ ಓದುವ ಆಫ್ರಿಕದ ವಿದ್ಯಾರ್ಥಿಗೆ, ಸರ್ಕಾರದ ಎದುರು, 14ನೇ ವಿಧಿಯ ಸಮಾನತೆ ಇದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 ಗುಂಪುಗಳ ನಡುವೆ ದ್ವೇಷ ಹರಡುವುದಕ್ಕೆ 3 ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಆದರೆ ಒಬ್ಬರಿಗೆ ಬೈದ ಒಂದು ಮಾತು ಅದಕ್ಕೆ ಸಲೀಸಾಗಿ ಹೊಂದದು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ 1989ರ ಕಾಯ್ದೆ ಇದೆ, ಸಹಾಯವಾಣಿ 14566. ಬೇರೆ ರಾಜ್ಯದ ಜಾತಿ ಪ್ರಮಾಣಪತ್ರ ಇರುವವರು ಮೊದಲು ವಕೀಲರನ್ನು ಕೇಳಿಕೊಳ್ಳಲಿ; ಕಾನೂನು ನೆರವಿಗೆ 15100.

ದೂರು ನಮ್ಮವರ ಮೇಲೆಯೇ ಬಂದಾಗ ಎಲ್ಲರೂ ಎಡವುತ್ತಾರೆ. ಮುಂಬೈಯ ನಮ್ಮ ಸಂಘಗಳಲ್ಲಿ ಜಾತಿವಾರು ಸಂಘಗಳೇ ಬಹಳ. ಊರಿಂದ ಬಂದವರಿಗೆ ಆಸರೆಯಾದವು ಅವೇ, ನಿಜ. ಆದರೆ ಊಟದ ಪಂಕ್ತಿಯಲ್ಲಿ, ಅಡುಗೆಮನೆ ಬಾಗಿಲಲ್ಲಿ ತನ್ನನ್ನು ಬೇರೆ ಮಾಡಿದರು ಎಂದು ದಲಿತ ಸದಸ್ಯರೊಬ್ಬರು ಹೇಳಿದರೆ “ನಮ್ಮಲ್ಲಿ ಅದೆಲ್ಲ ಇಲ್ಲ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ತನ್ನ ಎಲೆಯ ಹೆಗ್ಗಣ ಬಿಟ್ಟು ಪಕ್ಕದ ಎಲೆಯ ನೊಣ ನೋಡುವ ಜಾಗ ಇದು. ಇಲ್ಲಿ ದೂರು ಕೇಳಲು ಬೇರೆ ಜಾತಿಯ, ಪದಾಧಿಕಾರಿಯಲ್ಲದ ಒಬ್ಬರಾದರೂ ಇರಬೇಕು. ಆರೋಪ ಹೊತ್ತವರು ಆ ಕೋಣೆಯಲ್ಲಿ ಇರಬಾರದು. ಉತ್ತರ ಬರವಣಿಗೆಯಲ್ಲಿ, 15 ದಿನದೊಳಗೆ ಎಂದು ಮೊದಲೇ ಗಡುವು ಹಾಕಿಕೊಳ್ಳಿ.

ಎಂಟು ದಿನ ಬಿಟ್ಟು ನೀವಾಗಿಯೇ ಕೇಳಿ: “ಬಸ್ಸಿನ ವಿಷಯ ಏನಾಯ್ತೋ?” ಗಿರಾಕಿಗಳ ಎದುರಿಗಲ್ಲ, ಅಂಗಡಿ ತೊಳೆಯುವ ಹೊತ್ತಿಗೆ. “ಏನಿಲ್ಲಣ್ಣಾ” ಅಂದರೆ ಕೆದಕಬೇಡಿ, ಇನ್ನೊಂದು ಎಂಟು ದಿನ ಬಿಟ್ಟು ಮತ್ತೆ ಕೇಳಿ.