ಬೆಟ್ಟಕ್ಕೆ ಹೋಗಿ ಬಂದವರಿಗೆ ಜ್ವರ: ದಿನದ ಲೆಕ್ಕ ಇಡುವುದು ಹೇಗೆ

ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಊರುಗಳಲ್ಲಿ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಇದು ಕಾಡಿನ ಉಣುಗು ಕಚ್ಚಿ ಹರಡುವ ವೈರಸ್ ಜ್ವರ. ದರಕು (ಒಣ ಎಲೆ) ತರಲು ಸೊಪ್ಪಿನ ಬೆಟ್ಟಕ್ಕೆ ಹೋದವರಿಗೆ ಜ್ವರ ಬಂದರೆ, ಶುರುವಾದ ದಿನವನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಾವ ಪರೀಕ್ಷೆ ಮಾಡಿಸಬೇಕು ಎನ್ನುವುದು ಅದರ ಮೇಲೆಯೇ ನಿಂತಿದೆ.

ಬೆಟ್ಟದಿಂದ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ಕಚ್ಚಿಕೊಂಡಿದ್ದರೆ ಚೂಪಾದ ಚಿಮಟವನ್ನು ಚರ್ಮಕ್ಕೆ ತಾಗಿಸಿ, ಬುಡದಲ್ಲೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಣುಗಿನ ಹೊಟ್ಟೆ ಹಿಸುಕಿದರೆ ಒಳಗಿನ ದ್ರವ ಗಾಯಕ್ಕೇ ಇಳಿಯುತ್ತದೆ.

ಕಚ್ಚಿದ 3ರಿಂದ 8 ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಮ್ಮೆಲೇ ಚಳಿಜ್ವರ, ತಲೆನೋವು, ಸೊಂಟ ಮುರಿದಂಥ ನೋವು. ವೈರಸ್ ಹೊಕ್ಕ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಸಂಕೇತದ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಬಿಳಿರಕ್ತಕಣಗಳು ಬಿಡುವ ರಾಸಾಯನಿಕಗಳು ಮೆದುಳಿಗೆ ತಲುಪಿ ಮೈಬಿಸಿ ಏರಿಸುತ್ತವೆ. ಅಂದರೆ ಜ್ವರ, ಮೈಕೈ ನೋವಿನ ಬಹುಪಾಲು ನಮ್ಮ ದೇಹದ್ದೇ ಕೆಲಸ. ಆದರೆ ಈ ಪಡೆಗೆ ಇಂಥದೇ ವೈರಸ್ ಎಂಬ ಗುರುತಿಲ್ಲ. ಗುರುತು ಹಿಡಿದು ಪ್ರತಿಕಾಯ (ಆ ವೈರಸ್ಸಿಗೇ ಅಂಟುವ ಪ್ರೋಟೀನ್) ತಯಾರಿಸುವುದು ಬಿಳಿರಕ್ತಕಣಗಳಲ್ಲೇ ಒಂದು ಬಗೆಯಾದ ಬಿ ಕೋಶಗಳು. ಅವಕ್ಕೆ ದಿನಗಳು ಬೇಕು.

ಎಡವುವುದು ಇಲ್ಲೇ. ಜ್ವರದ ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ ಇರುತ್ತದೆ, ಪ್ರತಿಕಾಯ ಇರುವುದಿಲ್ಲ. ಆಗ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಆಗಬೇಕು. ಮೊದಲು ಮೂಡುವ ಪ್ರತಿಕಾಯವಾದ ಐಜಿಎಂ, ಅದನ್ನು ಹುಡುಕುವ ಎಲೈಸಾ ಪರೀಕ್ಷೆಗೆ ಸಿಗುವುದು ಸುಮಾರು ಐದನೇ ದಿನದ ನಂತರ. ಎರಡನೇ ದಿನ ಐಜಿಎಂ ನೆಗೆಟಿವ್ ಬಂತೆಂದು ನಿರಾಳರಾಗಬೇಡಿ.

ವೈರಸ್ಸಿಗೇ ಎಂದು ಮದ್ದಿಲ್ಲ. ಆ್ಯಂಟಿಬಯಾಟಿಕ್ ಇದನ್ನು ಮುಟ್ಟುವುದೂ ಇಲ್ಲ. ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಗಂಜಿತಿಳಿ, ಓಆರ್‌ಎಸ್. ಮೈಕೈ ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ನುಂಗಬಾರದು: ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ವಸಡು, ಮೂಗಿನಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಸೇರಿಸಿ.

ಜ್ವರ ಬಿಟ್ಟಿತೆಂದು ಕ್ಯಾಲೆಂಡರ್ ಮಡಚಬೇಡಿ. ಕೆಲವರಿಗೆ, ಹತ್ತರಲ್ಲಿ ಒಬ್ಬಿಬ್ಬರಿಗೆ, ಒಂದೆರಡು ವಾರ ಬಿಟ್ಟು ಜ್ವರ ಮರಳುತ್ತದೆ. ಜೊತೆಗೆ ವಿಪರೀತ ತಲೆನೋವು, ಕೈನಡುಕ, ಮಂಕು. ಆ ಎರಡು ವಾರ ತೋಟದ ಭಾರದ ಕೆಲಸ ಬೇಡ, ಸಂಜೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡಿ. ಹಿಂದೆ ಲಸಿಕೆ ಹಾಕಿಸಿಕೊಂಡವರಿಗೂ ಇದೇ ಮಾತು; ಅದರ ರಕ್ಷಣೆ ಬೇಗ ಇಳಿಯುತ್ತಿದ್ದುದರಿಂದಲೇ ಮತ್ತೆ ಮತ್ತೆ ಬೂಸ್ಟರ್ ಕೊಡಬೇಕಾಗುತ್ತಿತ್ತು.