ಸೊರೆಂಟೊ: ಬಸ್ಸು ಹೊರಡುವ ಜಾಗದಲ್ಲೇ ಹತ್ತಿ

ಎಂಟು ಜನ, ಅದರಲ್ಲಿ ಇಬ್ಬರಿಗೆ ಮಂಡಿನೋವು, ಐವರು ಶುದ್ಧ ಸಸ್ಯಾಹಾರಿಗಳು, ಕಾರು ಇಲ್ಲ. ಈ ಲೆಕ್ಕದಲ್ಲಿ ಇಟಲಿಯ ನೇಪಲ್ಸ್ ಹತ್ತಿರದ ಕಡಲೂರು ಸೊರೆಂಟೊಗೆ ಹೊರಟರೆ ಎಲ್ಲರೂ ಹೇಳುವುದು ಎರಡೇ ಮಾತು: ವ್ಯಾನ್ ಮಾಡಿ, ಇಲ್ಲವೇ ಅಮಾಲ್ಫಿ ಕರಾವಳಿಯ ಪೊಸಿತಾನೊದಲ್ಲೇ ಉಳಿಯಿರಿ. ಮೊದಲೆರಡು ಸಲ ಆ ಮಾತು ಕೇಳಿ ದುಡ್ಡು ಕಳೆದದ್ದಾಯಿತು. ವ್ಯಾನಿಗೆ ದಿನಕ್ಕೆ 400 ಯೂರೊ ಆಸುಪಾಸು ಕೊಟ್ಟು, ಅರ್ಧ ದಿನ ಜಾಮಿನಲ್ಲಿ ಕೂತಿದ್ದೇ ಬಂತು. ಮೂರನೇ ಸಲ, ಮೇ ಕೊನೆಯಲ್ಲಿ, ಒಂದೇ ನಿಯಮ: ಬಸ್ಸಾಗಲಿ ರೈಲಾಗಲಿ, ಅದು ಹೊರಡುವ ಜಾಗದಲ್ಲೇ ಹತ್ತುವುದು. ನಡುದಾರಿಯ ಸ್ಟಾಪನ್ನು ನಂಬುವುದೇ ಬೇಡ. ಐದು ರಾತ್ರಿಗೆ, ವಿಮಾನ ಬಿಟ್ಟು, ತಲೆಗೆ ಸುಮಾರು 600 ಯೂರೊದಲ್ಲಿ ಮುಗಿಯಿತು. ಅನುಮಾನಪಟ್ಟವರೇ ಈಗ ಪಟ್ಟಿ ಕೇಳುತ್ತಿದ್ದಾರೆ.

ನಿಯಮ ನೇಪಲ್ಸಿನಲ್ಲೇ ಶುರು. ಸೊರೆಂಟೊ ಕಡೆಯ ಚಿರ್ಕುಮ್‌ವೆಸುವಿಯಾನ ರೈಲನ್ನು ಎಲ್ಲರೂ ದೊಡ್ಡ ನಿಲ್ದಾಣದ ಕೆಳಗಿರುವ ಗರಿಬಾಲ್ದಿಯಲ್ಲಿ ಹತ್ತುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ಸೀಟು ಭರ್ತಿ. ಅದಕ್ಕಿಂತ ಒಂದು ಸ್ಟೇಷನ್ ಹಿಂದೆ ಪೋರ್ತಾ ನೊಲಾನ, ರೈಲು ಹೊರಡುವುದು ಅಲ್ಲಿಂದ. ನಡೆದರೆ ಹತ್ತು ನಿಮಿಷ. ಟ್ರಂಕು ಸಮೇತ ಕೂತು ಬರಬಹುದು. ಸೊರೆಂಟೊಗೆ ಒಂದು ಗಂಟೆ ಹತ್ತು ನಿಮಿಷ, ಟಿಕೆಟ್ 5 ಯೂರೊ ಒಳಗೆ. ನಿಂತು ಬಂದರೆ ಜೇಬುಗಳ್ಳರ ಕಾಟವೂ ಜಾಸ್ತಿ. ಬ್ಯಾಗು ಎದೆ ಮುಂದೆ ಇರಲಿ.

ಉಳಿದದ್ದು ಸೊರೆಂಟೊದಲ್ಲಲ್ಲ, ಅದರ ಹಿಂದಿನ ಸ್ಟೇಷನ್ ಸಾಂತ್ ಆನ್ಯೆಲ್ಲೊದಲ್ಲಿ, ಅಡುಗೆಮನೆ ಇರುವ ಮನೆಯಲ್ಲಿ. ಪೇಟೆಯ ನಡುವಿನ ಪಿಯಾತ್ಸಾ ತಾಸ್ಸೊ ಚೌಕಕ್ಕೆ ಇಪ್ಪತ್ತು ನಿಮಿಷದ ಸಮತಟ್ಟು ನಡಿಗೆ. ತಲೆಗೆ ರಾತ್ರಿಗೆ 55 ಯೂರೊ ಬಿತ್ತು. ಪ್ರವಾಸಿ ತೆರಿಗೆ ಬೇರೆ, ಅದನ್ನು ಹೆಚ್ಚಿನ ಕಡೆ ನಗದಾಗಿಯೇ ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.

ಈಗ ಅಮಾಲ್ಫಿ ದಿನ. ಎಲ್ಲರೂ ಎಡವುವುದು ಇಲ್ಲೇ. ಸೀತಾ ಬಸ್ಸು (ಹೆಸರೇ ಅದು, ನಮ್ಮವರಿಗೆ ನೆನಪಿಡುವುದು ಸುಲಭ) ಸೊರೆಂಟೊ ರೈಲು ನಿಲ್ದಾಣದ ಮುಂದಿನಿಂದ ಹೊರಡುತ್ತದೆ. ಒಂಬತ್ತೂವರೆಗೆ ಹೋದರೆ ಸಾಲು ರಸ್ತೆಗೆ ಬಂದಿರುತ್ತದೆ, ಮೊದಲೆರಡು ಬಸ್ಸು ಸಿಗುವುದೇ ಇಲ್ಲ. ಏಳು ಗಂಟೆಗೆ ಮೊದಲೇ ಅಲ್ಲಿರಬೇಕು. ಟಿಕೆಟ್ ಹಿಂದಿನ ಸಂಜೆಯೇ ತಬಾಕಿ (ಬೀಡಿ ಸಿಗರೇಟು ಮಾರುವ) ಅಂಗಡಿಯಲ್ಲಿ ಕೊಂಡಿರಬೇಕು, ಹತ್ತಿದ ಕೂಡಲೇ ಮಷೀನಿನಲ್ಲಿ ಮುದ್ರೆ ಹಾಕಿಸಬೇಕು. ಬಲಗಡೆಯ ಸೀಟು, ಸಮುದ್ರ ಆ ಕಡೆ. ವಾಂತಿಯಾಗುವವರು ಮುಂದಿನ ಮೂರು ಸಾಲಿನಲ್ಲಿ. ಹಿಂದಿನ ಸೀಟಿನಲ್ಲಿ ತಿರುವುಗಳು ಹೊಟ್ಟೆ ತೊಳಸುತ್ತವೆ.

ಹಿಂದೊಮ್ಮೆ ಬಸ್ಸಿನಲ್ಲಿ ಹೋದಾಗ ಮಾಡಿದ ತಪ್ಪು: ಪೊಸಿತಾನೊದಲ್ಲಿ ಇಳಿದದ್ದು. ಬಸ್ಸು ನಿಲ್ಲುವುದು ಊರಿನ ನೆತ್ತಿಯ ಮೇಲೆ. ಕಡಲಿಗೆ ಇಳಿಯಲು ಮೆಟ್ಟಿಲು, ಸಂಜೆ ಅದೇ ಮೆಟ್ಟಿಲು ಹತ್ತಬೇಕು. ಹತ್ತಿ ನಿಂತರೆ ಅಮಾಲ್ಫಿಯಿಂದ ಬರುವ ಬಸ್ಸು ಅಲ್ಲೇ ತುಂಬಿಕೊಂಡು ಬಂದಿರುತ್ತದೆ; ಜಾಗವಿಲ್ಲದೆ ನಿಲ್ಲಿಸಿ ಏನು ಮಾಡಬೇಕು? ತಪ್ಪು ಬಸ್ಸಿನದಲ್ಲ, ಯೋಜನೆಯದು. ಕೊನೆಗೆ ಎರಡು ಟ್ಯಾಕ್ಸಿ, 160 ಯೂರೊ.

ಸರಿಯಾದ ಸುತ್ತು ಹೀಗೆ. ಬೆಳಿಗ್ಗೆ ಪೊಸಿತಾನೊವನ್ನು ಕಿಟಕಿಯಲ್ಲೇ ನೋಡಿ, ಸೀದಾ ಅಮಾಲ್ಫಿಗೆ. ಜಾಮಿಲ್ಲದಿದ್ದರೆ ಒಂದೂಮುಕ್ಕಾಲು ಗಂಟೆ. ಒಂಬತ್ತಕ್ಕೆ ಅಮಾಲ್ಫಿ ಖಾಲಿ ಖಾಲಿ. ಸಂತ ಆಂಡ್ರೂ ಕೆಥೆಡ್ರಲ್‌ಗೆ 60ಕ್ಕೂ ಹೆಚ್ಚು ಮೆಟ್ಟಿಲು, ಮಂಡಿನೋವಿನವರು ಕೆಳಗಿನ ಚೌಕದಲ್ಲಿ ಕಾಫಿ ಕುಡಿಯಲಿ, ಮುಂಭಾಗ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಊರ ಒಳಗೆ ಏರಿದರೆ ಕೈಕಾಗದದ ಹಳೆಯ ಗಿರಣಿ, ಈಗ ಮ್ಯೂಸಿಯಂ. ನನಗೆ ಚರ್ಚಿಗಿಂತ ಅದೇ ಹಿಡಿಸಿತು. ಮಧ್ಯಾಹ್ನ ಅಮಾಲ್ಫಿಯಿಂದ ಪೊಸಿತಾನೊಗೆ ದೋಣಿ, ಅರ್ಧ ಗಂಟೆಯೊಳಗೆ. ದೋಣಿ ಇಳಿಸುವುದು ಕಡಲ ದಂಡೆಯ ಕಟ್ಟೆಗೇ, ಆದ್ದರಿಂದ ಮೆಟ್ಟಿಲ ಗೊಡವೆ ಇಲ್ಲ. ಎರಡು ಗಂಟೆ ಸಾಕು. ಅಲ್ಲಿಂದ ಸೊರೆಂಟೊಗೆ ಇನ್ನೊಂದು ದೋಣಿ. ಬಸ್ಸು, ಎರಡು ದೋಣಿ ಸೇರಿ ತಲೆಗೆ ಮೂವತ್ತು ಮೂವತ್ತೈದು ಯೂರೊ.

ಎಚ್ಚರ ಒಂದೇ, ಅಲೆ. ಪೊಸಿತಾನೊದ ಕಟ್ಟೆಗೆ ಮರೆಯಿಲ್ಲ, ದಕ್ಷಿಣದ ಗಾಳಿ ಬೀಸಿದರೆ ಮೊದಲು ರದ್ದಾಗುವುದು ಅದೇ. ಅಮಾಲ್ಫಿಯ ಟಿಕೆಟ್ ಗೂಡಿನಲ್ಲಿ ಕೇಳಿ, ಸಂಜೆಯ ದೋಣಿ ಅನುಮಾನವೆಂದರೆ ಪೊಸಿತಾನೊ ಕೈಬಿಟ್ಟು ಅಲ್ಲಿಂದಲೇ ಬಸ್ಸು ಹತ್ತಿ ವಾಪಸ್. ಅಮಾಲ್ಫಿಯೂ ಹೊರಡುವ ಜಾಗವೇ, ನಿಯಮ ಮುರಿಯುವುದಿಲ್ಲ.

ಕಾಪ್ರಿ ದ್ವೀಪದ ಬಗ್ಗೆ ಎಲ್ಲ ಗೊತ್ತಿರುವುದೇ, ಒಂದೇ ಗುಂಡಿ ತೋರಿಸುತ್ತೇನೆ. ಸೊರೆಂಟೊದಲ್ಲಿ ಹಡಗು ಹೊರಡುವುದು ಮರೀನಾ ಪಿಕ್ಕೊಲದಿಂದ, ಅಂದರೆ ‘ಚಿಕ್ಕ’ ಬಂದರು. ಮರೀನಾ ಗ್ರಾಂದೆ ಅನ್ನುವ ‘ದೊಡ್ಡ’ದು ಮೀನುಗಾರರ ಪುಟ್ಟ ಕೊಲ್ಲಿ. ಕಾಪ್ರಿಯಲ್ಲಿ ಉಲ್ಟಾ, ಇಳಿಯುವುದೇ ಗ್ರಾಂದೆಯಲ್ಲಿ. ಹೆಸರು ಅದಲುಬದಲಾಗಿ ಮೀನುಗಾರರ ಕೊಲ್ಲಿಯಲ್ಲಿ ಹೋಗಿ ನಿಂತರೆ ಎಂಟು ಟಿಕೆಟ್, ಸುಮಾರು 175 ಯೂರೊ, ನೀರಿಗೆ ಹೋದಂತೆ. ಪಿಕ್ಕೊಲಕ್ಕೆ ವಿಲ್ಲಾ ಕೊಮುನಾಲೆ ಉದ್ಯಾನದಿಂದ ಲಿಫ್ಟ್ ಇದೆ, ಒಂದು ಯೂರೊ ಚಿಲ್ಲರೆ. ಕಾಪ್ರಿಯ ನೀಲಿ ಗುಹೆಯ ಬಾಯಿ ಒಂದು ಮೀಟರಿನಷ್ಟೇ ಎತ್ತರ, ದೋಣಿಯಲ್ಲಿ ಅಂಗಾತ ಮಲಗಿ ಒಳಹೋಗಬೇಕು, ಅಲೆಯಿದ್ದರೆ ಮುಚ್ಚಿರುತ್ತದೆ, ಒಳಗೆ ಸಿಗುವುದು ಐದು ನಿಮಿಷ. ವಯಸ್ಸಾದವರಿಗೆ ಆನಾಕಾಪ್ರಿಯಿಂದ 589 ಮೀಟರ್ ಎತ್ತರದ ಸೊಲಾರೊ ಬೆಟ್ಟಕ್ಕೆ ಹೋಗುವ ತೂಗುಕುರ್ಚಿಯೇ ಮೇಲು.

ಈಜು ಬೇಕೆಂದವರಿಗೆ: ಸೊರೆಂಟೊದಲ್ಲಿ ನಮ್ಮ ಮರವಂತೆಯಂಥ ಮರಳು ಹುಡುಕಬೇಡಿ. ಊರು ಕಡಿದಾದ ಬಂಡೆಯ ಮೇಲಿದೆ. ಕೆಳಗೆ ನೀರಿನೊಳಕ್ಕೆ ಚಾಚಿದ ಕಟ್ಟೆಗಳ ಮೇಲೆ ಕುರ್ಚಿ ಬಾಡಿಗೆ, 25 ಯೂರೊ ಮೇಲೆ. ಬಂಡೆ ದಕ್ಷಿಣಕ್ಕಿರುವುದರಿಂದ ಗೋಡೆ ಬುಡದ ಕುರ್ಚಿಗೆ ಬಿಸಿಲು ಕಡಿಮೆ, ಕಟ್ಟೆಯ ತುದಿ ಕೇಳಿ. ಪುಕ್ಕಟೆ ಬೇಕಾದರೆ ಮೂರು ಕಿಲೋಮೀಟರ್ ದೂರದ ರೆಜೀನಾ ಜೊವಾನ್ನಾ: ರೋಮನ್ ಬಂಗಲೆಯ ಪಾಳು, ನಡುವೆ ಬಂಡೆಯ ಕಮಾನಿನಿಂದ ಸಮುದ್ರ ಒಳಬರುವ ಕೊಳ. ರಬ್ಬರ್ ಚಪ್ಪಲಿ ಇಲ್ಲದೆ ಇಳಿಯಬೇಡಿ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರು ಪೊಂಪೇಯಿಗೆ ಸೊರೆಂಟೊದಿಂದ ರೈಲು ಅರ್ಧ ಗಂಟೆ, ಬಾಗಿಲು ತೆರೆಯುವ ಮೊದಲೇ ಇರಬೇಕು. 2024ರ ನವೆಂಬರಿನಿಂದ ದಿನಕ್ಕೆ 20,000 ಜನ ಎಂಬ ಮಿತಿಯಿದೆ, ಟಿಕೆಟ್ ಹೆಸರಿನ ಮೇಲೆ. ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೋಗಬೇಡಿ.

ಊಟ. ಸಾಮಾನ್ಯವಾಗಿ ಹೋಟೆಲಿನ ಒಲೆ ಮಧ್ಯಾಹ್ನ ಮೂರಕ್ಕೆ ಆರಿದರೆ ಮತ್ತೆ ಹೊತ್ತುವುದು ಏಳಕ್ಕೆ. ಕೂತದ್ದಕ್ಕೇ ತಲೆಗೆ ಎರಡು ಮೂರು ಯೂರೊ ಕೊಪೆರ್ತೊ. ಮರಿನಾರಾ ಪಿಜ್ಜಾ ಅಂದರೆ ಹೆಸರಲ್ಲಿ ಕಡಲಿದೆ, ಮೀನಿಲ್ಲ: ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ. ನಂಬಿ ತಿನ್ನಬಹುದಾದದ್ದು ಅದು. ಸೊರೆಂಟೊ ಹೆಸರಿನ ನ್ಯೊಕ್ಕಿ ಅಂದರೆ ಆಲೂಗಡ್ಡೆಯ ಪುಟ್ಟ ಉಂಡೆಗಳೇ, ಆದರೆ ಮೇಲೆ ಹಾಕುವ ಗಟ್ಟಿ ಚೀಸಿನಲ್ಲಿ ಕರುವಿನ ಹೊಟ್ಟೆಯ ರೆನೆಟ್ (ಹಾಲು ಒಡೆಸುವ ಕಿಣ್ವ) ಇರುತ್ತದೆ. ಕಟ್ಟುನಿಟ್ಟಿನವರಿಗೆ ಮೊದಲೇ ಹೇಳಿ. ಮೋಸ ಹೋಗುವುದು ತಿಂಡಿಯಲ್ಲಿ: ಕಟುಂ ಕಟುಂ ಅನ್ನುವ ತರಾಲ್ಲಿಗೂ, ಪದರಪದರ ಸ್ಫೊಲ್ಯತೆಲ್ಲೆಗೂ ಹಂದಿಕೊಬ್ಬು ಹಾಕುವ ಪದ್ಧತಿಯಿದೆ. ಚೀಟಿಯಲ್ಲಿ ‘ಸುನ್ಯ’ ಅಥವಾ ‘ಸ್ತ್ರುತ್ತೊ’ ಅಂತಿದ್ದರೆ ಅದೇ. ಅಂದಹಾಗೆ, ತುಪ್ಪ ಪೇಡ ಕಟ್ಟಿಕೊಂಡು ಹೋಗಬೇಡಿ, ಹಾಲಿನ ಪದಾರ್ಥವನ್ನು ಯೂರೋಪಿನ ಗಡಿಯೊಳಗೆ ಬಿಡುವುದಿಲ್ಲ.

ಮನೆಯಲ್ಲಿ ಮಾಡಿದ ಪ್ರಯೋಗ: ಇಟಲಿಯ ಆರ್ಬೋರಿಯೊ ಅಕ್ಕಿ ಚಿತ್ರಾನ್ನಕ್ಕೆ ಮುದ್ದೆಯಾಗುತ್ತದೆ, ಬಿಸಿಬೇಳೆಬಾತಿಗೆ ಮಾತ್ರ ಅದನ್ನು ಮೀರಿಸುವ ಅಕ್ಕಿಯಿಲ್ಲ. ಚಿತ್ರಾನ್ನಕ್ಕೆ ಪಾರ್‌ಬಾಯಿಲ್ಡ್ ಅಕ್ಕಿಯ ಪೊಟ್ಟಣ. ನಿಂಬೆಯಲ್ಲಿ ಸೊರೆಂಟೊದ್ದು ಹುಳಿ ಹೆಚ್ಚು, ಎಂಟು ಜನಕ್ಕೆ ಒಂದೂವರೆ ಹಣ್ಣು ಸಾಕು. ಅಮಾಲ್ಫಿಯ ಉದ್ದ ನಿಂಬೆಯ ಹುಳಿ ಮೆದು, ಬಿಳಿ ಸಿಪ್ಪೆ ದಪ್ಪ. ತೆಳ್ಳಗೆ ಹೆಚ್ಚಿ ಉಪ್ಪು, ಹಸಿಮೆಣಸು, ಸಾಸಿವೆ ಒಗ್ಗರಣೆ ಕೊಟ್ಟರೆ ಹತ್ತು ನಿಮಿಷದಲ್ಲಿ ಉಪ್ಪಿನಕಾಯಿ. ಒಲೆಯ ಮೇಲಿಡುವ ಇಟಲಿಯ ಮೋಕಾ ಕಾಫಿ ಪಾತ್ರೆಯಲ್ಲಿ ನಮ್ಮ 80–20 ಪುಡಿ ಹಾಕಿದ್ದು ಸೋತಿತು: ಚಿಕೋರಿ ಊದಿ ಜಾಲರಿ ಕಟ್ಟಿತು, ಪಕ್ಕದ ವಾಲ್ವಿನಿಂದ ಬುಸ್ಸೆಂದು ಆವಿ. ಬುಟ್ಟಿಯ ಮುಕ್ಕಾಲು ಮಾತ್ರ ತುಂಬಿ, ಒತ್ತದೆ ಬಿಟ್ಟರೆ ಪರವಾಗಿಲ್ಲ ಅನ್ನುವ ಡಿಕಾಕ್ಷನ್ ಬರುತ್ತದೆ.

ಮನೆ ಯಾವ ಬೀದಿಯದು, ಬಸ್ ಟಿಕೆಟ್ ಸಾಲಿಲ್ಲದೆ ಸಿಗುವ ಅಂಗಡಿ ಯಾವುದು ಎಂದು ಬಹಳ ಜನ ಕೇಳಿದ್ದಾರೆ. ಮುಂದಿನ ಮೇ ತಿಂಗಳ ನಮ್ಮ ಬುಕಿಂಗ್ ಆಗಲಿ, ಆಮೇಲೆ ಹೇಳುತ್ತೇನೆ.