ತಪ್ಪು ಯಾರದ್ದು? ಗಾಥಿಕ್‌ನಿಂದ ವಿಯರ್ಡ್ ಕಥೆಗಳ ತನಕ ನಾವು ಓದಿದ ಬಗೆ

ನಾವು ಕೆಲವು ಗೆಳೆಯರು ಸೇರಿ ವಿಯರ್ಡ್ ಕಥೆಗಳನ್ನು, ಅಂದರೆ ಕಾರಣ ಕೈಗೆ ಸಿಗದ ವಿಚಿತ್ರ ಭಯದ ಕಥೆಗಳನ್ನು, ಓದಿ ಚರ್ಚೆ ಮಾಡುತ್ತೇವೆ. ಮೊದಲಿಗೆ ಎಲ್ಲರೂ ಇಂಥ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಲವ್‌ಕ್ರಾಫ್ಟ್‌ನಿಂದಲೇ ಶುರು ಮಾಡೋಣ ಅಂದರು. ನಾನು ಬೇಡ ಅಂದೆ. ಅವನ ಕಥೆಗಳ ಹಳೇ ಬಂಗಲೆ, ಕೆಟ್ಟ ರಕ್ತದ ವಂಶ, ಎಲ್ಲೋ ಸಿಕ್ಕಿದ ಹಸ್ತಪ್ರತಿ, ಎಲ್ಲವೂ ಗಾಥಿಕ್‌ನಿಂದ, ಅಂದರೆ ಹಳೇ ಕೋಟೆ, ವಂಶದ ಪಾಪ, ದೆವ್ವಗಳ ಹಿಂದಿನ ಕಾಲದ ಕಥೆಗಳಿಂದ, ಬಂದ ಪಿತ್ರಾರ್ಜಿತ ಆಸ್ತಿ. ಅದನ್ನು ನೋಡದೆ ಹೋದರೆ, ಅವನು ಆ ಆಸ್ತಿಯನ್ನು ಏನು ಮಾಡಿದ ಅನ್ನುವುದು ತಿಳಿಯುವುದಿಲ್ಲ.

ಹಾಗಾಗಿ ಹೊರೇಸ್ ವಾಲ್ಪೋಲ್‌ನ 'ದ ಕ್ಯಾಸಲ್ ಆಫ್ ಒಟ್ರಾಂಟೊ' (1764) ಮೊದಲು ಓದಿದೆವು. ಮದುವೆಯ ದಿನ ಭಾರೀ ಶಿರಸ್ತ್ರಾಣವೊಂದು ಬಿದ್ದು ಮದುಮಗ ಸಾಯುತ್ತಾನೆ. ಎಲ್ಲರೂ ನಕ್ಕರು, ನಗು ಬರುವಂಥದ್ದೇ. ಆದರೆ ಕಥೆಯ ಲೆಕ್ಕ ನೇರ. ಅಜ್ಜ ವಿಷ ಹಾಕಿ ಆಸ್ತಿ ಹೊಡೆದ, ಮೊಮ್ಮಗನ ಕಾಲಕ್ಕೆ ಅದು ಚುಕ್ತಾ ಆಗುತ್ತದೆ. ಅಲ್ಲಿಂದಲೇ ನಮಗೊಂದು ಪ್ರಶ್ನೆ ಸಿಕ್ಕಿತು: ಇಲ್ಲಿ ತಪ್ಪು ಯಾರದ್ದು? ಆಮೇಲೆ ಪ್ರತಿ ಕಥೆಗೂ ಇದನ್ನೇ ಕೇಳಿದೆವು.

ಆನ್ ರಾಡ್‌ಕ್ಲಿಫ್‌ಳ 'ಯೂಡಾಲ್ಫೊ' (1794) ದೊಡ್ಡ ಪುಸ್ತಕ. ಪೂರ್ತಿ ಓದುವ ತಾಳ್ಮೆ ಎಲ್ಲರಿಗೂ ಇರಲಿಲ್ಲ, ಕಪ್ಪು ಪರದೆಯ ಭಾಗ ಸಾಕಾಯಿತು. ನಾಯಕಿ ಪರದೆ ಸರಿಸಿ ಮೂರ್ಛೆ ಹೋಗುತ್ತಾಳೆ. ಹಿಂದೆ ಇದ್ದದ್ದು ಮೇಣದ ಗೊಂಬೆ ಅಂತ ಗೊತ್ತಾಗುವುದು ಕೊನೆಯ ಹೊತ್ತಿಗೆ. ಎಡ್ಗರ್ ಅಲನ್ ಪೋನ 'ದ ಫಾಲ್ ಆಫ್ ದ ಹೌಸ್ ಆಫ್ ಅಷರ್' (1839) ಹೊತ್ತಿಗೆ ನಮ್ಮ ಪ್ರಶ್ನೆ ಜಾರತೊಡಗಿತು. ವಂಶ ಇದೆ, ಮನೆ ಇದೆ, ಎರಡೂ ಒಟ್ಟಿಗೆ ಕುಸಿಯುತ್ತವೆ. ಆದರೆ ಯಾರು ಏನು ಪಾಪ ಮಾಡಿದರು ಅಂತ ಪೋ ಹೇಳುವುದೇ ಇಲ್ಲ.

ಆಮೇಲೆ ಅಲ್ಗರ್ನನ್ ಬ್ಲ್ಯಾಕ್‌ವುಡ್‌ನ 'ದ ವಿಲೋಸ್' (1907). ಚರ್ಚೆಗೆ ಒಂದೇ ಕಥೆ ಆರಿಸಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ಇಬ್ಬರು ಗಂಡಸರು ದೋಣಿಯಲ್ಲಿ ಡ್ಯಾನ್ಯೂಬ್ ನದಿ ಇಳಿಯುತ್ತಾ, ಪ್ರವಾಹದ ಸಮಯದಲ್ಲಿ ಒಂದು ಮರಳು ದ್ವೀಪದಲ್ಲಿ ಡೇರೆ ಹಾಕುತ್ತಾರೆ. ಸುತ್ತ ಬರೀ ವಿಲೋ ಪೊದೆಗಳು. ಮನೆ ಇಲ್ಲ, ವಂಶ ಇಲ್ಲ, ಹಳೇ ಕೊಲೆಯೂ ಇಲ್ಲ. ಒಂದು ಹುಟ್ಟು ಕಾಣೆಯಾಗುತ್ತದೆ, ದೋಣಿಯ ತಳದಲ್ಲಿ ಸೀಳು ಬಿಡುತ್ತದೆ, ಗಂಟೆಯಂಥ ಸದ್ದು ಕೇಳುತ್ತದೆ. ಕಥೆ ಹೇಳುವವನು ಎಲ್ಲದಕ್ಕೂ ಕಾರಣ ಹುಡುಕುತ್ತಾನೆ. ಕಲ್ಪನೆಯೇ ಇಲ್ಲದವನು ಅಂತ ಅವನು ಅಂದುಕೊಂಡಿದ್ದ ಸ್ವೀಡನ್ನಿನ ಗೆಳೆಯನೇ, ಇಲ್ಲಿರುವುದು ಮನುಷ್ಯರ ಲೋಕದ್ದಲ್ಲ ಅಂತ ಮೊದಲು ಬಾಯಿಬಿಟ್ಟು ಹೇಳುತ್ತಾನೆ.

ಇದಕ್ಕೆ ನಾನೊಂದು ನಿಯಮ ಮಾಡಿದ್ದೆ. ಪೆನ್ಸಿಲ್ ಹಿಡಿದು ಓದಿ, ನಿಮ್ಮ ಸಮಜಾಯಿಷಿ ಕೈಕೊಟ್ಟ ಸಾಲಿಗೆ ಗುರುತು ಹಾಕಿ. 'ಭಯ ಆಯ್ತಾ?' ಅಂತ ಕೇಳಿದರೆ ಹೌದು, ಇಲ್ಲ ಅಂತ ಮಾತು ಮುಗಿಯುತ್ತದೆ. ಗುರುತು ಕೇಳಿದರೆ ಹಾಗಲ್ಲ. ಒಬ್ಬರು ನೀರಿನಲ್ಲಿ ಕಂಡ ನೀರುನಾಯಿಯ ಹತ್ತಿರ ಹಾಕಿದ್ದರು, ಇನ್ನೊಬ್ಬರು ಮರಳಿನ ಕುಳಿಗಳ ಹತ್ತಿರ. ಒಬ್ಬರು ಎಲ್ಲೂ ಹಾಕಿರಲಿಲ್ಲ. ಎಲ್ಲ ಪ್ರವಾಹ, ಗಾಳಿ, ಸುಮ್ನೆ ಹೆದರಿದ್ದಾರೆ ಅಂತ ಅವರ ವಾದ. ಜಗಳ ಜೋರಾಗಿಯೇ ಆಯಿತು. ಆದರೆ ತಪ್ಪು ಯಾರದ್ದು ಅಂದಾಗ ಎಲ್ಲರ ಉತ್ತರ ಒಂದೇ: ಯಾರದ್ದೂ ಅಲ್ಲ. ಗಾಥಿಕ್ ದೆವ್ವಕ್ಕೆ ನಿಮ್ಮ ಮೇಲೆ ಸಿಟ್ಟಿರುತ್ತದೆ. ಇಲ್ಲಿರುವುದಕ್ಕೆ ನೀವು ಯಾರು ಅಂತಲೇ ಗೊತ್ತಿಲ್ಲ.

ಇಷ್ಟಾದ ಮೇಲೆ ಲವ್‌ಕ್ರಾಫ್ಟ್‌ನ 'ದ ರ್‍ಯಾಟ್ಸ್ ಇನ್ ದ ವಾಲ್ಸ್' (1924) ಸಲೀಸಾಗಿ ಬಿಚ್ಚಿಕೊಂಡಿತು. ಪೂರ್ವಜರ ಮನೆ, ವಂಶದ ಗುಟ್ಟು, ಪಕ್ಕಾ ಗಾಥಿಕ್. ಆದರೆ ನೆಲಮಾಳಿಗೆಯ ಕೆಳಗೆ ರೋಮನ್ನರ ಕಾಲ, ಅದರ ಕೆಳಗೆ ಇತಿಹಾಸಕ್ಕೂ ಹಿಂದಿನದು. ಇಳಿದಷ್ಟೂ ಅಜ್ಜನ ಪಾಪ ಚಿಕ್ಕದಾಗುತ್ತದೆ. ಇದೇ ಕಥೆಯಲ್ಲಿ ಬೆಕ್ಕಿನ ಹೆಸರು ಕಪ್ಪು ಜನರನ್ನು ಹೀಯಾಳಿಸುವ ಪದ. ಅದನ್ನು ಹಾರಿಸಿ ಓದಬೇಡಿ. ಲವ್‌ಕ್ರಾಫ್ಟ್‌ನ ಜನಾಂಗದ್ವೇಷ ಅವನ ಭಯದೊಳಗೇ ಕೂತಿದೆ.

ಅದಕ್ಕೇ ಜೊತೆಗೆ ವಿಕ್ಟರ್ ಲವಾಲ್‌ನ 'ದ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' (2016) ಓದಿಸಿದೆ. ಲವ್‌ಕ್ರಾಫ್ಟ್‌ನ 'ದ ಹಾರರ್ ಅಟ್ ರೆಡ್ ಹುಕ್' ಕಥೆಯನ್ನೇ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಯುವಕನ ಕಡೆಯಿಂದ ಮತ್ತೆ ಹೇಳುವ ಪುಸ್ತಕ. ಅವನ ಅಪ್ಪನನ್ನು ಒಬ್ಬ ಬಿಳಿಯ ಪತ್ತೇದಾರ ಗುಂಡಿಟ್ಟು ಕೊಲ್ಲುತ್ತಾನೆ. ಆಮೇಲೆ ಆ ಯುವಕನಿಗೆ ಈ ಮನುಷ್ಯರಿಗಿಂತ ನಮ್ಮನ್ನು ಲೆಕ್ಕಕ್ಕೇ ಇಡದ ದೈತ್ಯವೇ ಮೇಲು ಅನ್ನಿಸುತ್ತದೆ. ತಪ್ಪು ಯಾರದ್ದು ಅಂತ ಇಲ್ಲಿ ಬೆರಳಿಟ್ಟು ತೋರಿಸಬಹುದು. ಹಾಗಾಗಿ ಇದನ್ನು ಗಾಥಿಕ್ ಸಾಲಿಗೇ ಸೇರಿಸಬೇಕು ಅಂತ ನನ್ನ ವಾದ. ಗುಂಪಿನಲ್ಲಿ ಜಾಸ್ತಿ ಜನ ಇನ್ನೂ ಒಪ್ಪಿಲ್ಲ.